ಸಂಗಮದ ಪೆಟ್ಟಿಗೆ, ಮೌಲಾಕಾಕಾನ ದನಿ

ಹೋದ ಶ್ರಾವಣದಲ್ಲಿ ಜೇವರ್ಗಿಗೆ ಹೊರಟಿದ್ದೆ. ಭೀಮಾ ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ನಿಂತಿತ್ತು, ಅದರ ಹಿಂದೆ ನಮ್ಮ ಬಸ್ಸೂ ನಿಂತಿತು. ಕಿಟಕಿ ಸರಿಸಿದೆ. ಕೆಳಗೆ ಹೊಸ ನೀರು. ಎರಿ ಮಣ್ಣು, ನೆನೆದ ಜಾಲಿ, ಎಲ್ಲಿಂದಲೋ ತೇಲಿ ಬಂದ ತೊಗರಿ ಕಟ್ಟಿಗೆ, ಎಲ್ಲ ಕೂಡಿದ ಒಂದು ಹಸಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮುಖ ಇನ್ನಷ್ಟು ಹೊರಗೆ ಚಾಚಿದೆ. ಆ ವಾಸನೆಯಲ್ಲಿ ನಾನು ಇಡೀ ಒಂದು ಮಳೆಗಾಲ ಬದುಕಿದ್ದೆ, ಗಾಣಗಾಪುರದಲ್ಲಿ, ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ.

ನಮ್ಮದು ಆಳಂದ. ಅಪ್ಪ ಗೌಂಡಿ ಕೆಲಸದವನು. ಗೋಡೆ ಕಟ್ಟುವಾಗ ಒಂದು ಇಟ್ಟಂಗಿ ಸೊಟ್ಟ ಕೂತರೂ ಕಿತ್ತು ಮತ್ತೆ ಕೂಡಿಸುವ ಮನುಷ್ಯ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಲಬುರಗಿಯ ಒಂದು ಸಣ್ಣ ಕಂಪನಿ ಸೇರಿದ್ದೆ. ಹೊಲದ ಪಂಪುಗಳಿಗೆ ಯಂತ್ರ ಮಾಡಿಕೊಡುತ್ತಿದ್ದ ಆ ಕಂಪನಿ, ಆ ವರ್ಷ ಹೊಳೆದಂಡೆಗೆ ಎಚ್ಚರಿಕೆ ಕೊಡುವ ಪೆಟ್ಟಿಗೆಯನ್ನೂ ಮಾಡಿತು. ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟಾಗ ಹೊಳೆ ನೋಡನೋಡುತ್ತ ಏರುತ್ತದೆ. ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವವರಿಗೆ, ಮುಳುಗು ಹಾಕುವ ಯಾತ್ರಿಕರಿಗೆ ಅದು ಗೊತ್ತಾಗುವುದು ಕಾಲಡಿ ಕಲ್ಲು ಕಾಣದಂತಾದ ಮೇಲೆ. ಕಬ್ಬಿಣದ ಕಂಬ, ಅದರ ತುದಿಗೆ ಕೂಗಿ ಹೇಳಲು ಒಂದು ಭೊಂಗಾ, ಒಂದು ಸೋಲಾರ್ ಹಲಗೆ, ನಡುವೆ ನಮ್ಮ ಪೆಟ್ಟಿಗೆ, ನೀರಿನೊಳಗೆ ಒಂದು ಅಳತೆಯ ಕೊಳವೆ. ನೀರು ಒಂದು ಗೇಣು ಏರಿದರೆ ಪೆಟ್ಟಿಗೆ ತಾನಾಗಿ ಮೂರು ಭಾಷೆಯಲ್ಲಿ ಕೂಗಬೇಕು. ಮೊದಲನೆಯದನ್ನು ನಮ್ಮ ಆಳಂದ ಕಡೆಯಿಂದ ಹರಿದು ಬರುವ ಅಮರ್ಜಾ ಭೀಮೆಗೆ ಸೇರುವ ಸಂಗಮದಲ್ಲಿ ನಿಲ್ಲಿಸಿದರು. ಮಳೆಗಾಲ ಮುಗಿಯುವತನಕ ಅಲ್ಲೇ ಇದ್ದು ನೋಡಿಕೊಳ್ಳುವ ಕೆಲಸ ನನಗೆ ಬಂತು. ಗುಡಿಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ಕಾಶೀಬಾಯಿಯ ಅಟ್ಟದ ಕೋಣೆಯಲ್ಲಿ ಟ್ರಂಕು ಇಳಿಸಿದೆ.

ಪೆಟ್ಟಿಗೆಗೆ ದನಿ ಬೇಕಿತ್ತು. ಊರಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳಿದರು. ಗೊಬ್ಬೂರದ ಮೌಲಾಸಾಬ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳಿ ಹೇಳಿ ನಿವೃತ್ತನಾದವನು. ಕನ್ನಡ, ಉರ್ದು, ಮರಾಠಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದನಂತೆ. ತನ್ನ ಮಾತು ಕೇಳಿ ಒಬ್ಬನೇ ಒಬ್ಬ ತಪ್ಪು ಬಸ್ಸು ಹತ್ತಿಲ್ಲ ಎಂಬುದು ಅವನ ಹೆಮ್ಮೆ, ಅದನ್ನು ಯಾರಾದರೂ ಅಲ್ಲಗಳೆದದ್ದನ್ನು ನಾನು ಕೇಳಲಿಲ್ಲ. ತೆಳ್ಳನೆಯ ಆಳು, ಬಿಳಿ ಪೈಜಾಮ, ಕಿವಿಯ ಮೇಲೊಂದು ಪೆನ್ನು. ಕಾಶೀಬಾಯಿಯ ಅಟ್ಟದಲ್ಲಿ ಕಿಟಕಿ ಮುಚ್ಚಿ, ಹಾಸಿಗೆಯ ಸುರುಳಿಗಳನ್ನು ಬಾಗಿಲಿಗೆ ಒತ್ತಿಟ್ಟು ರೆಕಾರ್ಡ್ ಮಾಡಿದೆವು. "ಹೊಳಿ ನೀರು ಏರಾಕತ್ತದ. ಯಾರೂ ತೆಳಗ ಇಳೀಬ್ಯಾಡ್ರಿ. ಇದ್ದವರು ಮ್ಯಾಲ ಬರ್ರಿ." ಅದರ ಹಿಂದೆಯೇ ಉರ್ದುವಿನಲ್ಲಿ, "ಪಾನಿ ಚಢ್ ರಾ ಹೈ, ನೀಚೆ ನಕ್ಕೋ ಉತರೋ." ಆಮೇಲೆ ಮರಾಠಿ. ಒಂದೇ ಸಲಕ್ಕೆ ಮುಗಿಯಿತು. ನಾನು ಅವನನ್ನು ಕಾಕಾ ಅಂದೆ, ಅವನು ನನ್ನನ್ನು ಬೇಟಿ ಅಂದ.

ಮೊದಲ ಎರಡು ವಾರ ನನಗೆ ಹಬ್ಬ. ಬೆಳಿಗ್ಗೆ ಕಾಶೀಬಾಯಿಯ ಬಿಸಿ ರೊಟ್ಟಿ, ಪುಂಡಿಪಲ್ಲೆ, ಆಮೇಲೆ ಸಂಗಮ. ಔದುಂಬರದ ನೆರಳಲ್ಲಿ ಕೂತು ಪೆಟ್ಟಿಗೆಯನ್ನು ಮೊಬೈಲಿನಿಂದ ಪರೀಕ್ಷೆ ಮಾಡುವುದು. ದನಿ ಎಷ್ಟು ನಿಚ್ಚಳವಾಗಿ ಬರುತ್ತಿತ್ತೆಂದರೆ ಆಚೆ ದಂಡೆಯ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರೂ ತಲೆ ಎತ್ತಿ ನೋಡುತ್ತಿದ್ದರು. ಕಾಕಾ ಆಗಾಗ ಗೊಬ್ಬೂರದಿಂದ ಬಸ್ಸು ಹತ್ತಿ ಬಂದು ಕಂಬದ ಕೆಳಗೆ ಕೂರುತ್ತಿದ್ದ. ತನ್ನ ದನಿ ತಾನೇ ಕೇಳುವುದಕ್ಕೆ ನಾಚಿಕೆ ಅವನಿಗೆ. "ಟೋಪಿ ಹೊಲಿಸ್ಕೊಳ್ಳಾಕ ಬಂದಿದ್ದೆ" ಎಂಬಂತೆ ಏನಾದರೊಂದು ನೆಪ ಹೇಳುತ್ತಿದ್ದ.

ಆಮೇಲೆ ಮಳೆ ಹತ್ತಿತು. ಹೊಳೆ ಏರಿತು, ಇಳಿಯಿತು, ಮತ್ತೆ ಏರಿತು. ಎರಡು ಸಲ ಪೆಟ್ಟಿಗೆ ತಾನಾಗಿ ಕೂಗಿತು. ನಾನು ಊಟಕ್ಕೆ ಹೋದಾಗಲೇ ಆದದ್ದರಿಂದ ದೂರದಿಂದ ಕೇಳಿಸಿಕೊಂಡೆ, ಕೂಗಿತಲ್ಲ ಎಂದು ಸಮಾಧಾನಪಟ್ಟೆ. ಸ್ವಲ್ಪ ತೊದಲಿದಂತೆ ಅನ್ನಿಸಿತ್ತು, ಗಾಳಿ ಇರಬೇಕು ಅಂದುಕೊಂಡೆ.

ಮೂರನೆಯ ಸಲ ನಾನು ಅಲ್ಲೇ ಇದ್ದೆ. ಒಂಬತ್ತು ಗಂಟೆಯ ಹೊತ್ತು. ಜೇವರ್ಗಿ ಕಡೆಯ ಒಂದು ಕುಟುಂಬ ಮೆಟ್ಟಿಲ ಮೇಲೆ ನಿಂತು ಸ್ನಾನಕ್ಕೆ ಇಳಿಯುವುದೋ ಬೇಡವೋ ಎಂದು ನೋಡುತ್ತಿತ್ತು. ನೀರು ಗೇಣು ಏರಿತು. ಭೊಂಗಾ ಬಾಯಿ ಬಿಟ್ಟಿತು. "ಹೊಳಿ... ತೆಳಗ ಇಳೀ... ರಿ. ಇದ್ದವರು... ಬರ್ರಿ."

ನಡುವಿನ 'ಬ್ಯಾಡ್' ಇರಲಿಲ್ಲ. ಇಳೀಬ್ಯಾಡ್ರಿ ಅನ್ನುವುದು ಇಳೀರಿ ಆಗಿತ್ತು. ಬರ್ರಿ ಅನ್ನುವುದು ಮಾತ್ರ ಸ್ವಚ್ಛ ಕೇಳಿಸಿತು. ಕರೆದಂತೆಯೇ ಇತ್ತು. ಆ ಕುಟುಂಬದ ಮುದುಕಿ ಭೊಂಗಾದ ಕಡೆ ಕೈಮುಗಿದು, ಸೊಸೆಯ ಕೈ ಬಿಡಿಸಿಕೊಂಡು ಎರಡು ಮೆಟ್ಟಿಲು ಇಳಿದಳು. ಮೂರನೆಯ ಮೆಟ್ಟಿಲು ನೀರೊಳಗಿತ್ತು, ಕಾಲು ಜಾರಿತು. ನಾನು ಚೀರಿದೆನೋ ಇಲ್ಲವೋ ನೆನಪಿಲ್ಲ. ತೆಪ್ಪ ನಡೆಸುವ ಅಂಬಿಗರ ನಾಗಪ್ಪ ದಂಡೆಯಿಂದಲೇ ಜಿಗಿದ. ಮುದುಕಿಯನ್ನು ಅವನು ಎಳೆದು ತಂದಾಗ ಆಕೆಯ ಒಂದು ಕೈ ಮುರಿದಿತ್ತು, ಬಾಯಲ್ಲಿ ಕೆಸರಿತ್ತು, ಉಸಿರಿತ್ತು. ಸೊಸೆ ಅಳುತ್ತ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು, ಇಳೀರಿ ಅಂತ ಅವರೇ ಅಂದ್ರಲ್ಲ ಎಂದು.

ಮರುದಿನ ಪಂಚಾಯಿತಿಯಲ್ಲಿ ಸಭೆ. ಕಾಕಾನನ್ನೂ ಕರೆಸಿದ್ದರು. ನಮ್ಮ ಕಂಪನಿಯ ಸಾಹೇಬರು ಕಲಬುರಗಿಯಿಂದ ಫೋನಿನಲ್ಲಿ ಮಾತಾಡಿದರು, ಸ್ಪೀಕರ್ ಹಚ್ಚಿ ಮೇಜಿನ ಮೇಲಿಟ್ಟೆ. ಪೆಟ್ಟಿಗೆಯಲ್ಲಿ ದೋಷವಿಲ್ಲ, ಬೇಕಾದರೆ ಈಗಲೇ ನುಡಿಸಿ ನೋಡಿ ಅಂದರು. ನುಡಿಸಿದೆವು. ಒಂದಕ್ಷರ ಬಿಡದೆ ಹೇಳಿತು. ಆಗ ಅವರು, "ದನಿ ಕೊಟ್ಟವರಿಗೆ ವಯಸ್ಸಾಗಿದೆ, ಉಚ್ಚಾರ ಸ್ಪಷ್ಟ ಇಲ್ಲ. ದೂರದಿಂದ ಕೇಳಿದವರಿಗೆ ತಪ್ಪು ಕೇಳಿಸಿದೆ. ಬೇರೆಯವರಿಂದ ಹೇಳಿಸೋಣ" ಅಂದರು.

ಎಲ್ಲರೂ ಕಾಕಾನ ಕಡೆ ನೋಡಿದರು. ನಾನು ಮೇಜಿನ ಕಡೆ ನೋಡಿದೆ. 'ಬ್ಯಾಡ್' ಅನ್ನುವುದು ನುಂಗಿಹೋದದ್ದನ್ನು ಹತ್ತು ಮಾರು ದೂರದಿಂದ ನನ್ನ ಕಿವಿಯಾರೆ ಕೇಳಿದ್ದೆ. ಅದು ಉಚ್ಚಾರದ ಮಾತಲ್ಲ ಎಂದು ನನಗೆ ಗೊತ್ತಿತ್ತು. ಏನೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಸಾಹೇಬರ ಎದುರು ಹೇಗೆ ಹೇಳುವುದು ಎಂದು ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜವೆಂದರೆ ಹೆದರಿದ್ದೆ.

ಕಾಕಾ ಸ್ವಲ್ಪ ಹೊತ್ತು ನಾಲಿಗೆಯಿಂದ ದವಡೆ ಮುಟ್ಟಿ ನೋಡಿಕೊಂಡ. "ಯುಗಾದಿ ಮುಂದ ಎರಡು ಹಲ್ಲು ಬಿದ್ದಾವ್ರಿ ನಂದು" ಅಂದ. "ಇದ್ರೂ ಇರಬಹುದು."

ಭೊಂಗಾಕ್ಕೆ ಗೋಣಿಚೀಲ ಕಟ್ಟಿದರು. ಮರುದಿನ ಮೊದಲನೆಯ ಬಸ್ಸಿಗೆ ಕಾಕಾ ಗೊಬ್ಬೂರದಿಂದ ಬಂದ. ಕೊಡೆ, ಒಂದು ಡಬ್ಬಿ ರೊಟ್ಟಿ, ಒಂದು ನೀರಿನ ಬಾಟಲಿ. ಮೆಟ್ಟಿಲ ನಡುಮಧ್ಯೆ ಕಲ್ಲಿನ ಮೇಲೆ ನಿಂತು, ಕೆಳಗಿಳಿಯುವ ಪ್ರತಿಯೊಬ್ಬರಿಗೂ ಮೂರು ಭಾಷೆಯಲ್ಲಿ ಕೂಗಿ ಹೇಳತೊಡಗಿದ. ಸಂಜೆ ಕಡೆಯ ಬಸ್ಸಿಗೆ ಮನೆಗೆ. ಮರುದಿನ ಮತ್ತೆ. ಮಳೆ ಬಂದರೆ ಕೊಡೆ ಬಿಚ್ಚುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ನಾಗಪ್ಪ ತಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದರೂ ಕೇಳಲಿಲ್ಲ. ತನ್ನ ಬಾಯಿಯಿಂದ ಆದದ್ದಕ್ಕೆ ತನ್ನ ಬಾಯಿಯೇ ದುಡಿಯಬೇಕು ಅನ್ನುತ್ತಿದ್ದನಂತೆ.

ನನಗೆ ಅವನ ಎದುರು ಹೋಗಲು ಮುಖವಿರಲಿಲ್ಲ. ನಾಲ್ಕನೆಯ ದಿನ ಅವನೇ ಕರೆದ. ರೊಟ್ಟಿ ಮುರಿಯುತ್ತ, ತಪ್ಪು ಮಾಡಿದವನ ದನಿಯಲ್ಲಿ, "ಬಾಯಿ ನಂದ ಖರೇ ಬೇಟಿ" ಅಂದ. "ಆದ್ರ ಒಂದು ತಿಳೀವಲ್ದು. ನಾ ಇಲ್ಲಿ ಕುಂತು ಎಷ್ಟು ದಿನ ಕೇಳೇನಿ. ನೀರು ಸುಮ್ಮನ ನಿಂತಾಗ ಒಂದ್ಸಲನೂ ತೊದಲಿಲ್ಲ ಅದು. ಏರೋವಾಗಷ್ಟೇ ನನ್ನ ಹಲ್ಲು ಬೀಳ್ತಾವೇನು?"

ನಾನು ಅಲ್ಲಿಂದ ಓಡಿದೆ ಎಂದೇ ಹೇಳಬೇಕು. ಕೋಣೆಯಲ್ಲಿ ಒಂದು ಹೆಚ್ಚಿನ ಪೆಟ್ಟಿಗೆ ಇತ್ತು. ಕಾಶೀಬಾಯಿ ಪಾತ್ರೆ ತೊಳೆಯುವ ದೊಡ್ಡ ಬಕೆಟ್ ಕೇಳಿ ತಂದು, ಅಳತೆಯ ಕೊಳವೆಯನ್ನು ಅದರಲ್ಲಿ ಇಳಿಬಿಟ್ಟೆ. ಸುಮ್ಮನಿದ್ದ ನೀರಿನಲ್ಲಿ ದನಿ ನುಡಿಸಿದೆ. ನಿಚ್ಚಳ. ತಂಬಿಗೆಯಿಂದ ನೀರು ಹುಯ್ಯುತ್ತ ನುಡಿಸಿದೆ. "ಹೊಳಿ... ತೆಳಗ ಇಳೀ... ರಿ." ಬಾಗಿಲಲ್ಲಿ ನಿಂತಿದ್ದ ಕಾಶೀಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

ಪೆಟ್ಟಿಗೆಯೊಳಗೆ ದನಿಯನ್ನು ಒಂದು ಚಿಪ್‌ನಲ್ಲಿ ಕೂಡಿಟ್ಟಿರುತ್ತಾರೆ. ಅದನ್ನು ಭೊಂಗಾದ ಕಡೆಯ ಚಿಪ್‌ಗೆ ತುಂಡು ತುಂಡಾಗಿ ಸಾಗಿಸುವ ಒಂದು ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಒಂದು ಸಾರಿಗೆ ಎಷ್ಟು ಹೊರಬೇಕು, ಆ ಕಡೆ ಎಷ್ಟು ಉಳಿದಾಗ ಮತ್ತೆ ತರಲು ಹೊರಡಬೇಕು, ಈ ಎರಡು ಅಂಕಿ ನಾವು ಬರೆದು ಕೊಡಬೇಕು. ಬರೆದವಳು ನಾನು, ಬೇಸಿಗೆಯಲ್ಲಿ, ಆಫೀಸಿನ ಫ್ಯಾನಿನ ಕೆಳಗೆ. ಒಮ್ಮೆಗೇ ಹೆಚ್ಚು ಹೊತ್ತುಕೊಂಡು ಕಡಿಮೆ ಸಾರಿ ಓಡಾಡಿದರೆ ಬ್ಯಾಟರಿ ಉಳಿಯುತ್ತದೆ ಎಂದು, ಆ ಕಡೆ ಹೆಚ್ಚೂಕಡಿಮೆ ಬರಿದಾಗುವತನಕ ಹೊರಡಬೇಡ, ಹೊರಟಾಗ ದೊಡ್ಡ ಹೊರೆ ತಾ ಎಂದು ಬರೆದಿದ್ದೆ. ಬ್ಯಾಟರಿ ನಿಜಕ್ಕೂ ಉಳಿಯಿತು. ಸಾಹೇಬರು ಎಲ್ಲರ ಎದುರು ನನ್ನನ್ನು ಹೊಗಳಿದ್ದರು.

ಸುಮ್ಮನಿದ್ದ ಹೊಳೆಗೆ ಅದು ಸಾಕಿತ್ತು. ಆದರೆ ನೀರು ಏರತೊಡಗಿದ ಕೂಡಲೇ ಅಳತೆಯ ಕೊಳವೆ ಗಳಿಗೆಗೊಮ್ಮೆ ಸುದ್ದಿ ಕಳಿಸುತ್ತದೆ, ಒಳಗಿನ ಫೋನು ಅದನ್ನು ಕಲಬುರಗಿಗೆ ತಲುಪಿಸುತ್ತದೆ, ಎಲ್ಲವೂ ಓಡಾಡುವುದು ಅದೇ ಒಂದು ದಾರಿಯಲ್ಲಿ. ದನಿಯ ಹೊರೆ ಆ ಗದ್ದಲದಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾಗಿ ತಲುಪುತ್ತಿತ್ತು. ಅಷ್ಟರಲ್ಲಿ ಆ ಕಡೆ ಬರಿದು. ತಡವಾದ ತುಂಡನ್ನು ಬಿಟ್ಟು ಮುಂದಿನದಕ್ಕೆ ಹಾರು ಎಂದೂ ನಾನೇ ಬರೆದಿದ್ದೆ. ಬಿಟ್ಟ ತುಂಡಿನಲ್ಲಿ 'ಬ್ಯಾಡ್' ಇತ್ತು. ಹೊಳೆಗೆ ಯಾವಾಗ ಪೆಟ್ಟಿಗೆ ಬೇಕೋ ಆವಾಗ ಮಾತ್ರ ಅದು ತೊದಲುವಂತೆ ನಾನು ಮಾಡಿಟ್ಟಿದ್ದೆ.

ಮೂರು ದಿನ ಬಕೆಟ್ಟಿನ ಎದುರು ಕೂತೆ. ಆ ಕಡೆ ಕಾಲುಭಾಗ ಉಳಿದಾಗ ಹೊರಡು ಎಂದು ಬದಲಿಸಿದೆ. ತೊದಲು ಕಡಿಮೆಯಾಯಿತು, ಹೋಗಲಿಲ್ಲ. ಅರ್ಧ ಉಳಿದಾಗಲೇ ಹೊರಡು ಎಂದೆ, ಹೊರೆ ಮಾತ್ರ ಹಾಗೇ ಬಿಟ್ಟೆ. ಅಲ್ಲಿ ಹಿಡಿಸಲಾರದೆ ದನಿ ಗರಗರ ಅಂದಿತು. ಹೊರೆಯನ್ನೂ ಅರ್ಧಕ್ಕಿಳಿಸಿದೆ, ದಾರಿಯಲ್ಲಿ ದನಿಗೆ ಮೊದಲು ಬಿಟ್ಟುಕೊಡಬೇಕು, ಅಳತೆಯ ಸುದ್ದಿ ಆಮೇಲೆ ಹೋದರೂ ನಡೆಯುತ್ತದೆ ಎಂದು ಬರೆದೆ. ಕಾಶೀಬಾಯಿ ತಂಬಿಗೆಯಿಂದ ಹುಯ್ದಳು, ಆಮೇಲೆ ಕೊಡದಿಂದ, ಕಡೆಗೆ ಸಿಟ್ಟಿನಿಂದ ಇಡೀ ಕೊಡ ಒಮ್ಮೆಲೇ ಸುರಿದಳು. "ಯಾರೂ ತೆಳಗ ಇಳೀಬ್ಯಾಡ್ರಿ." ನೂರು ಸಲ ಕೇಳಿದೆವು. ನೂರು ಸಲವೂ ಇಡಿಯಾಗಿ ಬಂತು. ಕೋಣೆಯ ನೀರೆಲ್ಲ ಖಾನಾವಳಿಯ ಮಾಡಿಗೆ ಇಳಿದು ಊಟಕ್ಕೆ ಕೂತವರ ಎಲೆಯ ಮೇಲೆ ತೊಟ್ಟಿಕ್ಕಿತಂತೆ. ಕಾಶೀಬಾಯಿ ಅದಕ್ಕೂ ನನ್ನನ್ನು ಬಯ್ಯಲಿಲ್ಲ.

ಸಾಹೇಬರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಅವರು, ಸರಿಯಾಯಿತಲ್ಲ, ಹೊಸ ಅಂಕಿ ಹಾಕು, ಯಾರಿಗೂ ಏನೂ ಹೇಳಬೇಡ, ದನಿಯನ್ನೂ ಬೇರೆಯವರಿಂದ ಹೇಳಿಸು, ಆಗ ಎಲ್ಲ ಮುಚ್ಚಿಹೋಗುತ್ತದೆ ಅಂದರು. ನಾನು ಹೂಂ ಅಂದೆ. ಹೂಂ ಅಂದು ಬಸ್ಸು ಹತ್ತಿ ಗೊಬ್ಬೂರಕ್ಕೆ ಹೋದೆ. ಏನು ಹೇಳಬೇಕೆಂದು ತಿಳಿದು ಹೋಗಲಿಲ್ಲ.

ಕಾಕಾ ಮನೆಯಲ್ಲಿರಲಿಲ್ಲ, ದಿನದಂತೆ ಹೊಳೆಯ ಮೇಲಿದ್ದ, ಗಡಿಬಿಡಿಯಲ್ಲಿ ನನಗೆ ಅದೂ ನೆನಪಾಗಿರಲಿಲ್ಲ. ಅವನ ಹೆಂಡತಿ ಹುಸೇನಬಿ ಕುಬುಸ ಹೊಲಿಯುತ್ತ ಕೂತಿದ್ದಳು. ನಾನು ಯಾರೆಂದು ತಿಳಿದು ಚಹಾ ಮಾಡಿಕೊಟ್ಟಳು. ಅವನ ಗಂಟಲು ಹೋಗಿದೆ, ಅರಿಷಿಣದ ಹಾಲು ಕುಡಿಸಿದರೂ ಹತ್ತುವುದಿಲ್ಲ ಅಂದಳು. ಹೋದ ಸೋಮವಾರ ಕಲಬುರಗಿಗೆ ಹೋಗಿ ಎರಡು ಹಲ್ಲು ಕಟ್ಟಿಸಿಕೊಂಡು ಬಂದಿದ್ದಾನೆ. ಅವು ಇನ್ನೂ ಒಗ್ಗಿಲ್ಲ, ಒಸಡು ಬಾತಿದೆ. ನಮಾಜು ಮುಗಿಸಿ ಕನ್ನಡಿ ಮುಂದೆ ನಿಂತು ಇಳೀಬ್ಯಾಡ್ರಿ, ಇಳೀಬ್ಯಾಡ್ರಿ ಎಂದು ಸಣ್ಣ ಹುಡುಗರ ಹಾಗೆ ಬಾಯಿಪಾಠ ಮಾಡುತ್ತಾನೆ. ಕೇಳಿ ಕೇಳಿ ತನಗೂ ಅದೇ ಮಾತು ಬಾಯಿಗೆ ಬರುತ್ತದೆ ಎಂದು ನಗಲು ನೋಡಿದಳು, ಆಗಲಿಲ್ಲ. "ಅಷ್ಟು ಖರಾಬ್ ಹೇಳ್ಯಾರೇನವ್ವಾ ನಮ್ಮನಿಯವರು?" ಎಂದು ಕೇಳಿದಳು.

ಚಹಾ ಅರ್ಧಕ್ಕೇ ಇಟ್ಟು ಎದ್ದೆ.

ಸಂಗಮಕ್ಕೆ ಬಂದಾಗ ಮಧ್ಯಾಹ್ನ. ಕಾಕಾ ಅದೇ ಕಲ್ಲಿನ ಮೇಲೆ. ದನಿ ಎಲ್ಲಿತ್ತು, ಬರೀ ಗಾಳಿ ಹೊರಡುತ್ತಿತ್ತು. ಕೈ ಬೀಸಿ ಬೀಸಿ ಜನರನ್ನು ತಡೆಯುತ್ತಿದ್ದ. ನಾನು ಎಲ್ಲ ಹೇಳಿದೆ. ಹಲ್ಲಿನದಲ್ಲ, ನಾಲಿಗೆಯದಲ್ಲ, ಡ್ರೈವರಿನದು ತಪ್ಪು ಅಂದೆ. ಬಸ್ಸಿನ ಮನುಷ್ಯ, ಮೊದಲು ಯಾವ ಡ್ರೈವರ್ ಎಂದು ಕೇಳಿದ. ಅದು ನಾನು ಬರೆದದ್ದು, ಆ ಅಂಕಿ ನನ್ನವು ಅಂದೆ. ಪಂಚಾಯಿತಿಯಲ್ಲಿ ಕೂತಾಗಲೇ ನಿಮ್ಮ ಉಚ್ಚಾರದ್ದಲ್ಲ ಎಂದು ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದೇ ಎಲ್ಲಕ್ಕಿಂತ ಕಷ್ಟದ ಮಾತು.

ಅವನು ಕೊಡೆ ಮಡಚಿದ. ನನ್ನ ಮುಖ ನೋಡಲಿಲ್ಲ, ಹೊಳೆ ನೋಡಿದ. ಆ ಗಾಳಿಯಂಥ ದನಿಯಲ್ಲಿ, "ಅವತ್ತ ನಿಮ್ಮ ಸಾಹೇಬ್ರು ಎಲ್ಲಾರ ಮುಂದ ಅಂದ್ರು, ಮೇಡಂ" ಅಂದ. "ಎಲ್ಲಾರ ಮುಂದನ ಹೇಳ್ರಿ."

ಬೇಟಿ ಅನ್ನಲಿಲ್ಲ.

ಮರುದಿನ ಪಂಚಾಯಿತಿಗೆ ಹೋಗಿ ಕೂತಿದ್ದವರೆಲ್ಲರ ಎದುರು ಹೇಳಿದೆ. ಒಂದು ಹಾಳೆಯಲ್ಲಿ ಬರೆದೂ ಕೊಟ್ಟೆ: ಪೆಟ್ಟಿಗೆ ತೊದಲಿದ್ದು ನಾನು ಕೊಟ್ಟ ತಪ್ಪು ಅಂಕಿಗಳಿಂದ, ದನಿ ಕೊಟ್ಟವರದು ಏನೂ ತಪ್ಪಿಲ್ಲ, ಸಭೆಯಲ್ಲಿ ನಾನು ಸುಮ್ಮನಿದ್ದದ್ದು ಸರಿಯಲ್ಲ. ಹೆಸರು ಬರೆದು ಸಹಿ ಹಾಕಿದೆ. ಆ ಹಾಳೆಯನ್ನು ಹೊರಗಿನ ನೋಟಿಸು ಹಲಗೆಗೆ ಮೊಳೆ ಹೊಡೆದು ಹಚ್ಚಿದರು. ಕೈ ಮುರಿದ ಮುದುಕಿಯ ಊರಿಗೂ ಹೋಗಿ ಬಂದೆ. ಸೊಸೆ ಬಾಗಿಲು ಮುಚ್ಚಿದಳು. ಸಾಹೇಬರಿಗೆ ಸುದ್ದಿ ತಲುಪಿ, ಮಳೆಗಾಲ ಮುಗಿದ ಮೇಲೆ ನೀನು ಮತ್ತೆ ಪಂಪಿನ ಕೆಲಸಕ್ಕೇ ಬಾ ಅಂದರು.

ಸಂಗಮದ ಪೆಟ್ಟಿಗೆಗೂ ಹೊಸ ಅಂಕಿ ಹಾಕಿದ್ದೆ. ಭಾದ್ರಪದದಲ್ಲಿ ಮೇಲಿನಿಂದ ನೀರು ಬಿಟ್ಟ ಸುದ್ದಿ ಫೋನಿನಲ್ಲಿ ಬಂತು. ನಾಗಪ್ಪ ಕಂಬ ಹತ್ತಿ ಗೋಣಿಚೀಲ ಬಿಚ್ಚಿದ. ಒಂದು ವೇಳೆ ತಪ್ಪಿದರೆ ಎಂದು ತಾನೂ ಇನ್ನಿಬ್ಬರೂ ಮೆಟ್ಟಿಲ ಕೊನೆಯಲ್ಲಿ ಹಗ್ಗ ಹಿಡಿದು ನಿಂತರು. ಕಾಕಾ ಕಂಬಕ್ಕೆ ಕೈ ಊರಿ ನಿಂತಿದ್ದ. ನೀರು ಕಲ್ಲಿನ ಒಂದೊಂದೇ ಗೆರೆ ನುಂಗುತ್ತ ಬಂತು.

"ಹೊಳಿ ನೀರು ಏರಾಕತ್ತದ. ಯಾರೂ ತೆಳಗ ಇಳೀಬ್ಯಾಡ್ರಿ. ಇದ್ದವರು ಮ್ಯಾಲ ಬರ್ರಿ."

ಕೂದಲೆಳೆಯಷ್ಟೂ ತಪ್ಪಲಿಲ್ಲ. ಉರ್ದು ಬಂತು, ಮರಾಠಿ ಬಂತು, ಮತ್ತೆ ಕನ್ನಡ. ಒಗೆಯುತ್ತಿದ್ದವರು ಬಟ್ಟೆ ಹಿಂಡದೆ ಹಾಗೇ ಬುಟ್ಟಿಗೆ ತುಂಬಿಕೊಂಡು ಹತ್ತಿದರು. ಒದ್ದೆ ಮೈಯಲ್ಲಿ ಯಾತ್ರಿಕರು ಹತ್ತಿದರು. ನೀರು ಒಂದೇ ಸಮ ಏರುತ್ತಿತ್ತು, ದನಿ ಒಂದೇ ಸಮ ಕೂಗುತ್ತಿತ್ತು. ಕಾಕಾನ ತುಟಿಗಳು ಅದರ ಜೊತೆ ಅಲುಗುತ್ತಿದ್ದವು, ಸದ್ದಿರಲಿಲ್ಲ. ಮೆಟ್ಟಿಲು ಪೂರ್ತಿ ಬರಿದಾದ ಮೇಲೆ ನಾಗಪ್ಪ ಹಗ್ಗ ಸುತ್ತಿಕೊಂಡು ಬಂದು ಕಾಕಾನ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಹತ್ತಿ ಬಂದವರಲ್ಲಿ ಸೊಲ್ಲಾಪುರ ಕಡೆಯ ಒಬ್ಬ ಅಜ್ಜಿ ಇದ್ದಳು. ಈ ದನಿ ಇವರದೇ ಎಂದು ಯಾರೋ ತೋರಿಸಿದಾಗ ಕಾಕಾನ ಹತ್ತಿರ ಬಂದು ಏನೋ ಹೇಳಿ, ನಕ್ಕು, ಹೋದಳು. ಕಾಕಾನ ಮುಖ ಸಣ್ಣದಾಯಿತು. ನೀರು ಏರಿತು ಅನ್ನಲು ಪಾಣೀ ವಾಢಲಾ ಎಂದು ಹೇಳಿದ್ದಾನೆ, ಮರಾಠಿಯಲ್ಲಿ ವಾಢಲಂ ಎನ್ನಬೇಕು ಎಂದು ಆಕೆ ಹೇಳಿದ್ದಳಂತೆ. ಉರ್ದುವಿನಲ್ಲಿ ಪಾನಿ ಪುಲ್ಲಿಂಗ, ಆ ರೂಢಿ ಮರಾಠಿಗೂ ಬಂದುಬಿಟ್ಟಿತ್ತು. ಎಲ್ಲರಿಗೂ ಅರ್ಥವಾಗಿದೆ, ಅದೇನೂ ದೊಡ್ಡದಲ್ಲ ಎಂದು ನಾನೂ ನಾಗಪ್ಪನೂ ಹೇಳಿದೆವು. ಅವನು ಕೊಡೆ ಎತ್ತಿಕೊಂಡು ಬಸ್ಸಿಗೆ ಹೋದ.

ಎರಡು ದಿನದ ಮೇಲೆ ಪಂಚಾಯಿತಿ ಮುಂದೆ ಹಾದುಹೋಗುವಾಗ ನೋಟಿಸು ಹಲಗೆಯಲ್ಲಿ ನನ್ನ ಹಾಳೆಯ ಪಕ್ಕ ಇನ್ನೊಂದು ಅರ್ಧ ಹಾಳೆ ಕಂಡಿತು. ದುಂಡನೆಯ, ಕಂಟ್ರೋಲರ್ ಕೈಬರಹ. ಮರಾಠಿ ಮಾತಿನಲ್ಲಿ ಒಂದು ಅಕ್ಷರ ತಪ್ಪಿದೆ, ಅದು ಪೆಟ್ಟಿಗೆಯ ತಪ್ಪಲ್ಲ, ಬಾಯಿಯ ತಪ್ಪು, ಗಂಟಲು ಸುಧಾರಿಸಿದ ಮೇಲೆ ಸರಿ ಮಾಡಿಕೊಡಲಾಗುವುದು, ಮೌಲಾಸಾಬ, ಗೊಬ್ಬೂರ. ಕೆಳಗೆ ಸಹಿ.

ಎರಡೂ ಹಾಳೆ ದಸರೆ ಬಂದರೂ ಅಲ್ಲೇ ಇದ್ದವು. ಇರಚಲಿಗೆ ಎರಡರ ಶಾಯಿಯೂ ಇಳಿದು ಓದಲು ಬಾರದಂತಾಗಿದ್ದವು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಕಾ ಬಂದ. ಗಂಟಲು ತಿರುಗಿತ್ತು, ಹಲ್ಲು ಒಗ್ಗಿದ್ದವು. ಅಟ್ಟದ ಕಿಟಕಿ ಮುಚ್ಚಿ ಮರಾಠಿ ಸಾಲು ಹೊಸದಾಗಿ ಹೇಳಿಸಿದೆ. ಮೊದಲನೆಯದೇ ಚೆನ್ನಾಗಿತ್ತು. ಅವನು ಒಪ್ಪದೆ ಏಳು ಸಲ ಹೇಳಿದ, ಏಳೂ ಕೇಳಿ ಐದನೆಯದನ್ನು ಆರಿಸಿದ. ಪೆಟ್ಟಿಗೆಗೆ ಅದನ್ನು ಮೊಬೈಲಿನಿಂದ ತುಂಬಿ ಇಬ್ಬರೂ ಹೊರಗೆ ಬಂದೆವು. ನಾನು ಊರು ಬಿಡುವ ದಿನ ಅದು.

ಪಂಚಾಯಿತಿ ಮುಂದೆ ಅವನು ನಿಂತ. ಹಲಗೆಯಿಂದ ಮೊದಲು ನನ್ನ ಹಾಳೆಯ ಮೊಳೆ ಕಿತ್ತ, ಹರಿಯದ ಹಾಗೆ ಬಿಡಿಸಿ ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟ. ಆಮೇಲೆ ತನ್ನದನ್ನು ಬಿಡಿಸಿ ಜುಬ್ಬದ ಕಿಸೆಗೆ ಹಾಕಿಕೊಂಡ.

"ನಡಿ ಬೇಟಿ, ಚಹಾ ಕುಡಿಯೋಣ" ಅಂದ.